ನಿನಗೆ ನಾನು 15 ಅಂಕ ಬಾಕಿ

ಗೆಳೆಯಾ,

ಹೇಗಿದ್ದೀಯ, ಏನು ಕಥೆ ಅಂತೆಲ್ಲ ಆಮೇಲೆ ಕೇಳುತ್ತೇನೆ. ಮೊದಲು ಒಂದು ತಪ್ಪೊಪ್ಪಿಕೊಳ್ಳುವುದಿದೆ. ಹೋದ ಸಲದ ಕ್ವಿಜ್‌ನಲ್ಲಿ ನೀನು ಸೋತಿರಲಿಲ್ಲ ಕಣೋ. ಗೆದ್ದಿದ್ದೆ. ಸೋಲಿಸಿದ್ದು ನಾನು, ಅದೂ ಕ್ವಿಜ್ ಮಾಸ್ಟರ್ ಕುರ್ಚಿಯಲ್ಲಿ ಕೂತು.

ನಾಲ್ಕನೇ ರೌಂಡ್ ನೆನಪಿದೆಯಾ? 'ಜಗತ್ತಿನಲ್ಲಿ ಅತಿ ಹೆಚ್ಚು ಟೈಮ್ ಝೋನ್ ಇರುವ ದೇಶ ಯಾವುದು?' ಪ್ರಶ್ನೆ ಮೇಷ್ಟ್ರಿಗೆ ಡೈರೆಕ್ಟ್. ಅವರು ಬಾಯಿ ತೆರೆಯುವ ಮೊದಲೇ ನೀನು ಪೌನ್ಸ್ ಅಂತ, ಅಂದರೆ ಅವರ ಪ್ರಶ್ನೆಗೆ ನಾನೂ ಉತ್ತರ ಕೊಡ್ತೀನಿ, ತಪ್ಪಾದರೆ ಅಂಕ ಕಳೆದುಕೋ ಅಂತ, ಕೈ ಎತ್ತಿ ಚೀಟಿ ಮಡಚಿ ಕೊಟ್ಟೆ. ಮೇಷ್ಟ್ರು ರಷ್ಯಾ ಅಂದರು. ನನ್ನ ಹಾಳೆಯಲ್ಲೂ ರಷ್ಯಾ ಅಂತಲೇ ಇತ್ತು. ನಿನ್ನ ಚೀಟಿ ಬಿಚ್ಚಿದರೆ ಫ್ರಾನ್ಸ್! ನಾನು ಜೋರಾಗಿ ಓದಿ ನಕ್ಕೆ. ಎಲ್ಲರೂ ನಕ್ಕರು. 'ಒಂದು ಟೈಮ್ ಝೋನ್ ದಾಟೋಕೂ ಜಾಗ ಇಲ್ಲದ ದೇಶ ಅದು' ಅಂತ ಒಂದು ಜೋಕ್ ಬೇರೆ ಹೊಡೆದೆ. ನೀನು 'ದ್ವೀಪ ಸೇರಿಸಿ ನೋಡು' ಅಂದೆ. 'ಪ್ರಶ್ನೆಯಲ್ಲಿ ದ್ವೀಪ ಎಲ್ಲಿದೆ?' ಅಂದೆ ನಾನು. ನೀನು ಪೆನ್ನಿನ ಮುಚ್ಚಳ ಹಾಕಿ, 'ಇರಲಿ ಬಿಡು, ಮುಂದಿನದು ಕೇಳು' ಅಂದುಬಿಟ್ಟೆ. ಅಷ್ಟೇ.

ಮೊನ್ನೆ ಮುಂದಿನ ಕ್ವಿಜ್‌ಗೆ ಪ್ರಶ್ನೆ ಹುಡುಕುತ್ತಾ ಹಳೆಯ ನೋಟ್‌ಬುಕ್ ತೆಗೆದೆ. ಪುಟಗಳ ನಡುವಿಂದ ಆ ಚೀಟಿ ಜಾರಿ ಬಿತ್ತು. ಅವತ್ತು ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಫ್ರಾನ್ಸ್ ಅಂತ ಬರೆದ ಪಕ್ಕದಲ್ಲಿ, ಸಣ್ಣದಾಗಿ, '12' ಅಂತ ಬರೆದು ಕೆಳಗೆ ಗೀಟು ಎಳೆದಿದ್ದೀಯ. ಅಂದಾಜಿಗೆ ಗುಂಡು ಹೊಡೆದವನು ಸಂಖ್ಯೆ ಯಾಕೆ ಬರೀತಾನೆ? ಅಲ್ಲಿಗೆ ನನ್ನ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಕೂತು ಹುಡುಕಿದೆ.

ಮಾರಾಯ, ಸರಿಯಾಗಿ 12 ಇದೆ. ಫ್ರಾನ್ಸ್‌ನ ಮುಖ್ಯ ಭೂಭಾಗಕ್ಕೆ ಒಂದೇ ಒಂದು ಟೈಮ್ ಝೋನ್. ಉಳಿದ 11 ಸಮುದ್ರದಾಚೆಯವು. ಹಿಂದೂ ಮಹಾಸಾಗರದಲ್ಲಿ ರಿಯೂನಿಯನ್, ಮಯೋಟ್. ಕೆರಿಬಿಯನ್ ಕಡೆ ಮಾರ್ಟಿನಿಕ್, ಗ್ವಾಡಲೂಪ್. ದಕ್ಷಿಣ ಅಮೆರಿಕದಲ್ಲಿ ಫ್ರೆಂಚ್ ಗಯಾನಾ. ಪೆಸಿಫಿಕ್‌ನಲ್ಲಿ ನ್ಯೂ ಕ್ಯಾಲೆಡೋನಿಯಾ, ಫ್ರೆಂಚ್ ಪಾಲಿನೇಷ್ಯಾ. ಅಂಟಾರ್ಕ್ಟಿಕಾದಲ್ಲಿ ಫ್ರಾನ್ಸ್ ತನ್ನದು ಅನ್ನುವ ತುಂಡನ್ನೂ ಲೆಕ್ಕಕ್ಕೆ ಹಿಡಿದರೆ 13. ರಷ್ಯಾಕ್ಕೆ ಇರುವುದು 11. ಅದರಲ್ಲೂ 2010ರಲ್ಲಿ ಅವರು 9ಕ್ಕೆ ಇಳಿಸಿಕೊಂಡಿದ್ದರು, 2014ರಲ್ಲಿ ಮತ್ತೆ 11 ಮಾಡಿಕೊಂಡರು. ನಾನು ನಕಲು ಮಾಡಿದ್ದ ಹಳೆಯ ಜನರಲ್ ನಾಲೆಡ್ಜ್ ಪುಸ್ತಕಕ್ಕೆ ಈ ಯಾವುದರ ಸುಳಿವೂ ಇರಲಿಲ್ಲ.

ತಪ್ಪಿಸಿಕೊಳ್ಳೋಕೆ ನೋಡಿದೆ, ಸುಳ್ಳು ಹೇಳುವುದಿಲ್ಲ. 'ಒಂದೇ ತುಂಡು ನೆಲದಲ್ಲಿ' ಅಂತ ಪ್ರಶ್ನೆಯಲ್ಲಿ ಸೇರಿಸಿದ್ದರೆ ನನ್ನ ಉತ್ತರ ಸರಿಯೇ ಇತ್ತಲ್ಲ, ಅಂದುಕೊಂಡೆ. ಕಲಿನಿನ್‌ಗ್ರಾಡ್ ಅನ್ನೋ ತುಂಡು ಉಳಿದ ರಷ್ಯಾದಿಂದ ಬೇರೆಯೇ ಇದೆ, ಅದನ್ನು ಬಿಟ್ಟರೂ 10 ಉಳಿಯುತ್ತವೆ. ಆದರೆ ಆ ಮೂರು ಪದ ನಾನು ಬರೆದಿರಲಿಲ್ಲ. ನಮ್ಮ ಜಗಳಗಳೆಲ್ಲ ಇಂಥ ಬಿಟ್ಟುಹೋದ ಪದದಿಂದಲೇ ಶುರುವಾಗಿದ್ದು, ಅಲ್ವಾ? 'ಅತಿ ದೊಡ್ಡ ಮರುಭೂಮಿ' ಅಂತ ಕೇಳಿ ಸಹಾರಾ ಅಂತ ಬರೆದುಕೊಂಡವನು ಯಾವತ್ತೋ ಒಂದು ದಿನ ಅಂಟಾರ್ಕ್ಟಿಕಾ ಅನ್ನುವವನ ಕೈಗೆ ಸಿಗುತ್ತಾನೆ. ಮಳೆ, ಹಿಮ ತೀರಾ ಕಡಿಮೆ ಬೀಳುವ ಜಾಗವೇ ಮರುಭೂಮಿ, ಮರಳೇ ಇರಬೇಕಂತಿಲ್ಲ. 'ಬಿಸಿ' ಅನ್ನೋ ಎರಡು ಅಕ್ಷರ ಮರೆತರೆ ಮುಗೀತು.

ಈಗ ಲೆಕ್ಕಕ್ಕೆ ಬರೋಣ. ನಿನಗೆ 70 ಅಂತ ಬರೆದಿದ್ದೆ, ಮೇಷ್ಟ್ರಿಗೆ 80. ಪೌನ್ಸ್ ತಪ್ಪು ಅಂತ ನಿನ್ನಿಂದ 5 ಕಿತ್ತುಕೊಂಡಿದ್ದೆ. ಅದನ್ನು ವಾಪಸ್ ಕೊಟ್ಟು, ಸರಿಯುತ್ತರದ 10 ಸೇರಿಸಿದರೆ ನಿನಗೆ 85. ಮೇಷ್ಟ್ರ ರಷ್ಯಾಕ್ಕೆ ಕೊಟ್ಟ 10 ಕಳೆದರೆ ಅವರಿಗೆ 70. ಹತ್ತರಿಂದ ಸೋತೆ ಅಂತ ಮನೆಗೆ ಹೋದವನು ಹದಿನೈದರಿಂದ ಗೆದ್ದಿದ್ದ. ನಮ್ಮ ಆ ಕೆಟ್ಟುಹೋದ ಅಲಾರಾಂ ಗಡಿಯಾರ, ಅದೇ ನಮ್ಮ ರೋಲಿಂಗ್ ಟ್ರೋಫಿ, ಇಷ್ಟು ದಿನ ಮೇಷ್ಟ್ರ ಪುಸ್ತಕದ ಕಪಾಟಿನ ಮೇಲೆ ಸುಮ್ನೆ ಕೂತಿದೆ. ಟೈಮ್ ಝೋನ್ ಪ್ರಶ್ನೆಯಲ್ಲಿ ಮೋಸ ಹೋದವನಿಗೆ ಸಿಗಬೇಕಾದದ್ದು ಗಡಿಯಾರ! ಬೇಕು ಅಂದರೂ ಇಷ್ಟು ಚೆನ್ನಾಗಿ ಕೂಡಿ ಬರುತ್ತಿರಲಿಲ್ಲ.

ಪುಸ್ತಕ ನಂಬಿ ಕೆಟ್ಟವನು ನಾನೊಬ್ಬನೇ ಅಲ್ಲ ಅನ್ನೋದೇ ಸಮಾಧಾನ. ಫ್ರೆಡ್ ವರ್ತ್ ಅಂತ ಒಬ್ಬ ಅಮೆರಿಕದವನಿದ್ದ. ಚಿಲ್ಲರೆ ಸಂಗತಿಗಳದ್ದೇ ಒಂದು ವಿಶ್ವಕೋಶ ಬರೆದಿದ್ದ. ತನ್ನ ಪುಸ್ತಕ ಯಾರಾದರೂ ಕದ್ದರೆ ಗೊತ್ತಾಗಲಿ ಅಂತ ಅದರೊಳಗೆ ಒಂದು ಸುಳ್ಳು ಬಿತ್ತಿದ. ಕೊಲಂಬೊ ಅನ್ನೋ ಟಿವಿ ಪತ್ತೇದಾರ ಇದ್ದಾನಲ್ಲ, ಅವನ ಮೊದಲ ಹೆಸರು ಫಿಲಿಪ್ ಅಂತ ಬರೆದ. ಧಾರಾವಾಹಿಯಲ್ಲಿ ಹಾಗೆ ಯಾರೂ ಹೇಳಿಲ್ಲ, ಪೂರ್ತಿ ಇವನ ಸೃಷ್ಟಿ. ಆಮೇಲೆ ಟ್ರಿವಿಯಲ್ ಪರ್ಸ್ಯೂಟ್ ಅನ್ನೋ ಕ್ವಿಜ್ ಬೋರ್ಡ್ ಆಟ ಬಂತು. ಅದರ ಒಂದು ಕಾರ್ಡ್‌ನಲ್ಲಿ ಕೊಲಂಬೊನ ಮೊದಲ ಹೆಸರು ಏನು ಅನ್ನೋ ಪ್ರಶ್ನೆ, ಉತ್ತರ ಫಿಲಿಪ್! ವರ್ತ್ 1984ರಲ್ಲಿ 30 ಕೋಟಿ ಡಾಲರ್ ಕೇಳಿ ಕೇಸು ಹಾಕಿದ. ಆಟ ಮಾಡಿದವರು ಪುಸ್ತಕ ಬಳಸಿಲ್ಲ ಅನ್ನಲಿಲ್ಲ. ಹೌದು, ನಿನ್ನ ಪುಸ್ತಕವನ್ನೂ ನೋಡಿದೆವು, ಬೇರೆ ಪುಸ್ತಕಗಳನ್ನೂ ನೋಡಿದೆವು ಅಂದರು. ಸಂಗತಿಗಳು ಯಾರ ಸ್ವತ್ತೂ ಅಲ್ಲ ಅಂತ ಕೋರ್ಟು ಕೇಸನ್ನು ತಳ್ಳಿಹಾಕಿತು. ಇದರಲ್ಲಿ ನನಗೆ ತಮಾಷೆ ಅನ್ನಿಸೋದು ಏನು ಗೊತ್ತಾ? ಬಲೆ ಹಾಕಿದ, ಮೀನೂ ಬಿತ್ತು, ಆದರೂ ಕೈಗೆ ಏನೂ ಹತ್ತಲಿಲ್ಲ. ಆ ಕಾರ್ಡ್ ಇಟ್ಟುಕೊಂಡು ಎಷ್ಟು ಮನೆಗಳಲ್ಲಿ 'ಫಿಲಿಪ್ ಅಲ್ಲ' ಅಂದವನನ್ನು ನೋಡಿ ನಕ್ಕಿರಬಹುದು, ಯೋಚನೆ ಮಾಡು. ನನ್ನ ಥರದವರು.

ನಿನ್ನ ಪ್ರಶ್ನೆಗಳು ಹೀಗಿರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊಗಳೋದು ಇದೊಂದೇ ಸಲ, ಚೆನ್ನಾಗಿ ಓದಿಕೋ. ನೀನು ಕ್ವಿಜ್ ಮಾಸ್ಟರ್ ಆಗಿದ್ದಾಗ ಕೇಳಿದ್ದೆಯಲ್ಲ: 'ಈ ಪರ್ವತ ಎವರೆಸ್ಟ್‌ಗಿಂತ ಎರಡೂವರೆ ಸಾವಿರ ಮೀಟರಿಗೂ ಜಾಸ್ತಿ ಗಿಡ್ಡ. ಆದರೂ ಭೂಮಿಯ ಕೇಂದ್ರದಿಂದ ಅತಿ ದೂರ ಇರುವುದು ಇದರ ತುದಿಯೇ. ಇದು ಯಾವ ದೇಶದಲ್ಲಿದೆ?' ನಾನು ಆಂಡಿಸ್ ಇರಬೇಕು ಅಂತ ಹೊಂಚು ಹಾಕಿ ಪೆರು ಅಂದೆ. ನೀನು ತಲೆ ಅಲ್ಲಾಡಿಸಿ, 'ಹೆಸರಲ್ಲೇ ಇದೆಯಲ್ಲೋ' ಅಂದೆ. ಭೂಮಿ ನಡುವಿನಲ್ಲಿ ಉಬ್ಬಿದೆ, ಧ್ರುವಗಳಿಗಿಂತ ಸಮಭಾಜಕದ ಹತ್ತಿರ ಸುಮಾರು 21 ಕಿಲೋಮೀಟರ್ ಹೊರಗೆ ಚಾಚಿದೆ. ಅಂದಮೇಲೆ ಪರ್ವತ ಸಮಭಾಜಕದ ಹತ್ತಿರವೇ ಇರಬೇಕು. ಸಮಭಾಜಕವನ್ನೇ ಹೆಸರಾಗಿ ಇಟ್ಟುಕೊಂಡ ದೇಶ ಈಕ್ವೆಡಾರ್. ಪರ್ವತ ಚಿಂಬೊರಾಜೊ, 6,263 ಮೀಟರ್. ಪರ್ವತದ ಹೆಸರು ಗೊತ್ತಿಲ್ಲದವನೂ ತಲೆ ಓಡಿಸಿ ತಲುಪಬಹುದಿತ್ತು. ನಾನು ತಲುಪಲಿಲ್ಲ, ಅದು ಬೇರೆ ಮಾತು. ಅವತ್ತು ಹೊಟ್ಟೆಕಿಚ್ಚಿಗೆ 'ಸುಲಭ ಇತ್ತು' ಅಂದಿದ್ದೆ. ಸುಲಭ ಇರಲಿಲ್ಲ.

ಚಿಂಬೊರಾಜೊ ನನಗೆ ಈಗ ನಿದ್ದೆಯಲ್ಲಿ ಕೇಳಿದರೂ ಬರುತ್ತದೆ. ಸರಿಯಾಗಿ ಹೇಳಿ ಗೆದ್ದ ಉತ್ತರಗಳು ಅರ್ಧಕ್ಕರ್ಧ ಮರೆತುಹೋಗಿವೆ. 2001ರಲ್ಲಿ ಬಟರ್‌ಫೀಲ್ಡ್, ಮೆಟ್‌ಕಾಫ್ ಅನ್ನೋ ಇಬ್ಬರು ಮನೋವಿಜ್ಞಾನ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಜನರಲ್ ನಾಲೆಡ್ಜ್ ಪ್ರಶ್ನೆ ಕೇಳಿ, ಎಷ್ಟು ಖಾತ್ರಿ ಇದೆ ಅಂತಲೂ ಕೇಳಿ, ಆಮೇಲೆ ಸರಿಯುತ್ತರ ಹೇಳಿದರು. ತುಂಬಾ ಖಾತ್ರಿಯಿಂದ ತಪ್ಪು ಹೇಳಿದವರೇ ಆಮೇಲಿನ ಪರೀಕ್ಷೆಯಲ್ಲಿ ಆ ತಪ್ಪನ್ನು ಹೆಚ್ಚು ಸಲ ತಿದ್ದಿಕೊಂಡಿದ್ದರು. ಮುಖಕ್ಕೆ ನೀರು ಎರಚಿದ ಹಾಗೆ ಆಗುತ್ತದಲ್ಲ, ಅದಕ್ಕೇ ಇರಬೇಕು. ಹಾಗಿದ್ದರೆ ನನ್ನ ಜ್ಞಾನಭಂಡಾರಕ್ಕೆ ನಿನ್ನದೇ ದೊಡ್ಡ ದೇಣಿಗೆ.

ಸರಿ, ಚೀಟಿ ಸಿಕ್ಕ ದಿನವೇ ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಗಡಿಯಾರ ಕೊಟ್ಟುಬಿಡಿ ಅಂದೆ. 'ಕ್ವಿಜ್ ಮಾಸ್ಟರ್ ಮಾತೇ ಕೊನೆ ಅಂತ ನಿಯಮ ಮಾಡಿದ್ದು ಯಾರು?' ಅಂದರು. ನಾನೇ. 'ಹಾಗಾದರೆ ಇನ್ನೇನು' ಅಂದರು. ಒಂದು ಗಂಟೆ ಬಿಟ್ಟು ಅವರೇ ಫೋನ್ ಮಾಡಿದರು. ಪಾಪ, ಅವರೂ ಅಷ್ಟು ಹೊತ್ತು ಕೂತು ಹುಡುಕಿದ್ದರು ಅನ್ನಿಸುತ್ತದೆ. 12 ಅಂತ ಬರೆದವನಿಗೆ ಹನ್ನೆರಡೂ ಗೊತ್ತಿರಬೇಕು, ಟೈಬ್ರೇಕರ್ ಆಗಲಿ ಅಂದರು. ಅವರ ಪ್ರಶ್ನೆ ಇದು, ಒಂದು ಅಕ್ಷರ ಬದಲಾಯಿಸದೆ ಬರೆಯುತ್ತಿದ್ದೇನೆ:

'ಫ್ರಾನ್ಸ್‌ನ ಹನ್ನೆರಡು ಟೈಮ್ ಝೋನ್‌ಗಳಲ್ಲಿ ಹನ್ನೊಂದು ಪೂರ್ತಿ ಗಂಟೆಯ ಲೆಕ್ಕದಲ್ಲಿ ನಡೆಯುತ್ತವೆ. ಫ್ರೆಂಚ್ ಪಾಲಿನೇಷ್ಯಾದ ಒಂದು ದ್ವೀಪಗುಂಪು ಮಾತ್ರ ಅರ್ಧ ಗಂಟೆ ಆಚೀಚೆ. ಆ ದ್ವೀಪಗುಂಪಿನ ಹೆಸರೇನು?'

ಪ್ರಶ್ನೆಯಲ್ಲಿ ಯಾವ ಪದವೂ ಬಿಟ್ಟುಹೋಗಿಲ್ಲ, ನಾನು ಮೂರು ಸಲ ನೋಡಿದ್ದೇನೆ. ಹುಡುಕಬೇಡ, ನೆನಪಿನಿಂದ ಹೇಳು. ಹಿಂದಿನ ಥರ ಚೀಟಿಯಲ್ಲೇ ಬರೆದು ಕಳಿಸು. ಈ ಸಲ ಪೂರ್ತಿ ಓದುತ್ತೇನೆ.

ಇಂತಿ,
ನಿನ್ನ ರಷ್ಯಾ