ನಿನ್ನ ಹೆಜ್ಜಾರ್ಲೆಯ ಫೋಟೊಗಳನ್ನು ನೋಡಿದ ಮೇಲೆ

ಮೈಸೂರು,
ಜನವರಿ, ಮಂಗಳವಾರ ರಾತ್ರಿ

ಪ್ರೀತಿಯ ಮಹೇಶ,

ಕೊಕ್ಕರೆ ಬೆಳ್ಳೂರಿನಲ್ಲಿ ನೀನು ತೆಗೆದ ಹೆಜ್ಜಾರ್ಲೆಯ (ಪೆಲಿಕನ್) ಫೋಟೊಗಳು ತಲುಪಿದವು. ಕ್ಯಾಮೆರಾ ಕೊಂಡ ಎರಡನೆಯ ವಾರಕ್ಕೇ, ಇನ್ನೂ ಬೆಳಕು ಹರಿಯುವ ಮೊದಲು ಮಂಡ್ಯ ಬಿಟ್ಟು ಅಲ್ಲಿಗೆ ಹೋಗಿದ್ದೆಯೆಂದು ಓದಿ ಬಹಳ ಸಂತೋಷವಾಯಿತು. ಹಕ್ಕಿಯ ಬೆನ್ನು ಸುಣ್ಣ ಬಳಿದಂತೆ ಏಕೆ ಕಾಣುತ್ತಿದೆ, ಇನ್ನೂ ಉದ್ದದ ಲೆನ್ಸ್ ಕೊಳ್ಳಬೇಕೇ ಎಂದು ಕೇಳಿದ್ದೀಯ.

ಬೆನ್ನಿನ ವಿಷಯ ಹೀಗೆ. ಹಿಂದೆ ಹುಣಸೆಮರದ ಕಡುಹಸಿರು ತುಂಬಿಕೊಂಡಿರುವಾಗ ಕ್ಯಾಮೆರಾ ಇಡೀ ದೃಶ್ಯವನ್ನೇ ಕತ್ತಲೆಯೆಂದು ಎಣಿಸಿ ಬೆಳಕನ್ನು ಹೆಚ್ಚಿಸುತ್ತದೆ. ಮಾಸಲು ಬಿಳಿಯ ಹಕ್ಕಿಗೆ ಅಷ್ಟು ಬೆಳಕು ತಡೆಯದೆ ಗರಿಗಳ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು, ಅಂದರೆ ಒಳಬರುವ ಬೆಳಕು ಅರ್ಧವಾಗುವಷ್ಟು, ಇಳಿಸಿ ನೋಡು. ಬೆನ್ನಿನ ಗರಿಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ, ಮೇಲ್ಕೊಕ್ಕಿನ ಅಂಚಿನುದ್ದಕ್ಕೂ ಇರುವ ನೀಲಿ ಚುಕ್ಕೆಗಳೂ ಕಾಣುತ್ತವೆ.

ಲೆನ್ಸಿನ ವಿಷಯಕ್ಕೆ ಬಂದರೆ, ನಿನ್ನಲ್ಲಿರುವ 400 ಎಂಎಂ ಲೆನ್ಸ್ ನಮ್ಮ ಸೀಮೆಗೆ ಧಾರಾಳವಾಗಿ ಸಾಕು ಎಂದೇ ನನ್ನ ಅಭಿಪ್ರಾಯ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಹಕ್ಕಿಗಳು ದೋಣಿಗೆ ಎಷ್ಟು ಒಗ್ಗಿಕೊಂಡಿವೆಯೆಂದರೆ, ಕೆಲವೊಮ್ಮೆ ಬಣ್ಣದ ಕೊಕ್ಕರೆ ಇಡಿಯಾಗಿ ಚೌಕಟ್ಟಿನೊಳಗೆ ಹಿಡಿಸುವುದೇ ಕಷ್ಟವಾಗುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಂತೂ ಗೂಡುಗಳು ಊರೊಳಗಿನ ಮರಗಳಲ್ಲೇ ಇರುವುದರಿಂದ, ಮನೆಯವರನ್ನು ಕೇಳಿ ತಾರಸಿ ಹತ್ತಿದರೆ ಗೂಡಿನ ಸಮಕ್ಕೆ ನಿಲ್ಲಬಹುದು. ಈ ಹಕ್ಕಿಗಳನ್ನು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದು ಭಾವಿಸುವ ಊರು ಅದು. ಅಲ್ಲಿ ದನಿ ಎತ್ತರಿಸದೆ ನಡೆದುಕೊಳ್ಳುವುದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ.

ನಿನಗೆ ಈಗ ಬೇಕಾಗಿರುವುದು ದಿನವೂ ಹೋಗಿ ಕೂರಬಹುದಾದ ಒಂದು ಕೆರೆ. ನಾನು ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಒಂದೇ ಕಡೆ, ಒಂದು ಇಡೀ ಚಳಿಗಾಲ ಕುಳಿತದ್ದು ಕಪ್ಪು ಬಿಳುಪಿನ ಮಿಂಚುಳ್ಳಿಗಾಗಿ. ಮೊದಲ ವಾರಗಳಲ್ಲಿ ಸಿಕ್ಕಿದ್ದೆಲ್ಲ ಹಕ್ಕಿ ಹೋದ ಮೇಲಿನ ನೀರಿನ ಉಂಗುರಗಳು. ನೋಡುತ್ತ ನೋಡುತ್ತ ಅದರ ರೀತಿ ಅರ್ಥವಾಯಿತು. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವಾಗ ಮೈಯೆಲ್ಲ ಅಲುಗುತ್ತಿದ್ದರೂ ತಲೆ ಮಾತ್ರ ಮೊಳೆ ಹೊಡೆದಂತೆ ಸ್ಥಿರವಾಗಿರುತ್ತದೆ, ಕೊಕ್ಕು ನೇರ ಕೆಳಕ್ಕೆ ತಿರುಗಿರುತ್ತದೆ. ಗುರಿ ತಪ್ಪಿತೆನಿಸಿದರೆ ಸ್ವಲ್ಪ ಸರಿದು ಮತ್ತೆ ನಿಲ್ಲುತ್ತದೆ. ಗುರಿ ಕೂಡಿತೆಂದರೆ ರೆಕ್ಕೆ ಮಡಿಸಿ ಕಲ್ಲಿನಂತೆ ಬೀಳುತ್ತದೆ. ತಲೆ ಸ್ಥಿರವಾಗಿರುವ ಆ ಕೆಲವು ಕ್ಷಣಗಳಲ್ಲಿ, 1/2000 ಸೆಕೆಂಡಿನ ಷಟರ್ ವೇಗ ಇಟ್ಟುಕೊಂಡು ಕಣ್ಣಿಗೆ ಫೋಕಸ್ ಮಾಡಿದರೆ ಚಿತ್ರ ನಿನ್ನದು. ಎದೆಯ ಮೇಲೆ ಎರಡು ಕಪ್ಪು ಪಟ್ಟಿಯಿದ್ದರೆ ಗಂಡು, ನಡುವೆ ತುಂಡಾದ ಒಂದೇ ಪಟ್ಟಿಯಿದ್ದರೆ ಹೆಣ್ಣು ಎಂಬುದನ್ನೂ ಆ ದಂಡೆಯಲ್ಲೇ ಕಣ್ಣಾರೆ ಕಂಡುಕೊಂಡೆ.

ಇನ್ನೊಂದು ಸಂಗತಿಯನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ ವರುಣಾದ ಆಚೆಯ ಬಯಲಿನಲ್ಲಿ ಟಿಟ್ಟಿಭದ ಮೊಟ್ಟೆಗಳನ್ನು ಕಂಡೆ. ಗೂಡೆಂಬುದು ಏನೂ ಇಲ್ಲ. ಬರಿಯ ನೆಲದ ಮೇಲೆ ನಾಲ್ಕು ಹರಳುಗಳ ನಡುವೆ ಮಣ್ಣಿನದೇ ಬಣ್ಣದ, ಕಪ್ಪು ಮಚ್ಚೆಯ ನಾಲ್ಕು ಮೊಟ್ಟೆಗಳು. ತಾಯಿ ಬಂದು ಕೂರುವ ಚಿತ್ರ ಬೇಕೆಂದು ಹತ್ತಡಿ ದೂರದಲ್ಲಿ ಬೋರಲು ಮಲಗಿದೆ. ಬಿಸಿಲು ನೆತ್ತಿಗೇರಿತ್ತು. ಒಂದು ಹಕ್ಕಿ ತಲೆಯ ಮೇಲೆ ಸುತ್ತುತ್ತ ಒಂದೇ ಸಮನೆ ಕೂಗುತ್ತಿತ್ತು. ಇನ್ನೊಂದು ಎಲ್ಲಿಗೋ ಹಾರಿಹೋಗಿ ಮರಳಿ ಬಂದು ದೂರದಲ್ಲೇ ಇಳಿಯಿತು. ಅದರ ಹೊಟ್ಟೆಯ ಗರಿಗಳು ತೊಯ್ದು ನೀರು ತೊಟ್ಟಿಕ್ಕುತ್ತಿತ್ತು. ಅಪರೂಪದ ದೃಶ್ಯವೆಂದು ಅದನ್ನೂ ತೆಗೆದುಕೊಂಡೆ. ಸುಡುವ ಬಿಸಿಲಿನಲ್ಲಿ ಮೊಟ್ಟೆಗಳು ಬೇಯದಿರಲೆಂದು ಈ ಹಕ್ಕಿಗಳು ಹೊಟ್ಟೆಯ ಗರಿಗಳಲ್ಲಿ ನೀರು ತುಂಬಿಕೊಂಡು ಬಂದು ತಂಪು ಮಾಡುತ್ತವೆಂದು ಆ ರಾತ್ರಿ ಓದಿದಾಗ, ಅರ್ಧ ಗಂಟೆ ನಾನು ಏನನ್ನು ತಡೆದು ಮಲಗಿದ್ದೆನೆಂಬುದು ತಿಳಿಯಿತು. ಮಾರನೆಯ ಬೆಳಗ್ಗೆ ದೂರದ ಏರಿಯ ಮೇಲಿನಿಂದ ಬೈನಾಕ್ಯುಲರ್ ಹಿಡಿದು ನೋಡಿದೆ. ಹಕ್ಕಿ ಕುಳಿತಿತ್ತು. ಅಲ್ಲಿಂದಲೇ ಹಿಂದಿರುಗಿದೆ. ಆ ಚಿತ್ರ ಸ್ಪಷ್ಟವಾಗಿ ಬಂದಿದೆ, ಆದರೆ ಅದನ್ನು ಎಲ್ಲಿಯೂ ಹಾಕಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ಮೊಟ್ಟೆ ಕಂಡಲ್ಲಿ ಕ್ಯಾಮೆರಾ ಎತ್ತಬೇಡ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರ ಜೊತೆ ಹೋಗಬೇಡ. ಎದುರಾಳಿ ಬಂದನೆಂದು ಆ ಹಕ್ಕಿ ಮೇವು ಗೂಡು ಎರಡನ್ನೂ ಬಿಟ್ಟು ಧಾವಿಸುತ್ತದೆ. ಅಂತಹ ಚಿತ್ರವನ್ನು ಮೆಚ್ಚಲು ನನ್ನಿಂದಾಗದು.

ಈ ಭಾನುವಾರ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋಗೋಣ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಈಗ ಅಲ್ಲಿವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳೂ ಆ ಕೆರೆಯಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ, ಅಂಕಿಗಳು ಓದುವಂತೆ ಬಂದರೆ ಹಕ್ಕಿ ಎಲ್ಲಿಂದ ಹೊರಟದ್ದೆಂದು ಅಧ್ಯಯನ ಮಾಡುವವರಿಗೆ ತಿಳಿಯುತ್ತದೆ. ನಮ್ಮ ಹವ್ಯಾಸದಿಂದ ಹಕ್ಕಿಗಳಿಗೆ ಆಗಬಹುದಾದ ಒಂದು ಉಪಕಾರ ಇದೆಂದು ನಾನು ನಂಬಿದ್ದೇನೆ. ಬಿಸಿಲೇರಿದರೆ ನೀರಿನ ಮೇಲಿನ ಝಳಕ್ಕೆ ಚಿತ್ರ ಅಲುಗಿದಂತಾಗುವುದರಿಂದ ಏಳು ಗಂಟೆಯೊಳಗೆ ಅಲ್ಲಿರಬೇಕು. ಶನಿವಾರ ರಾತ್ರಿಯೇ ನಮ್ಮ ಮನೆಗೆ ಬಂದುಬಿಡು. ಅಮ್ಮ ಒಂದು ಬಟ್ಟೆ ಚೀಲಕ್ಕೆ ಹುರುಳಿ ತುಂಬಿ ಹೊಲಿದಿಟ್ಟಿದ್ದಾರೆ. ನೆಲದ ಮೇಲಿಟ್ಟು ಲೆನ್ಸ್ ಊರಿದರೆ ಕೈ ನಡುಗುವುದಿಲ್ಲ. ಅದು ನಿನಗೆಂದೇ ಮಾಡಿಸಿದ್ದು.

ಇಂತಿ ನಿನ್ನ ಗೆಳೆಯ,
ರಾಘು