ಬೆಳಗಾವಿಯಲ್ಲಿದ್ದ ಫೀಲ್ಡ್ ಮಾರ್ಷಲ್: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಲಂಡನ್ನಿನ ವೈಟ್‌ಹಾಲ್‌ನಲ್ಲಿ ಗೂರ್ಖಾ ಟೋಪಿ ಹಾಕಿಕೊಂಡು ನಿಂತಿರುವ ಪ್ರತಿಮೆಯ ಫೋಟೊ ಕಳಿಸಿ ‘ಯಾರಪ್ಪಾ ಇವರು?’ ಎಂದು ಕೇಳಿದ್ದೀಯ. ಆತ ಫೀಲ್ಡ್ ಮಾರ್ಷಲ್ ವಿಲಿಯಂ ಸ್ಲಿಮ್. ನಮಗೆ ತೀರಾ ದೂರದವನಲ್ಲ. 1939ರಲ್ಲಿ ನಮ್ಮ ಬೆಳಗಾವಿಯಲ್ಲೇ ಸೇನೆಯ ಹಿರಿಯ ಅಧಿಕಾರಿಗಳ ಶಾಲೆಗೆ ಮುಖ್ಯಸ್ಥನಾಗಿದ್ದ.

ಆತನ ತಂದೆ ಕಬ್ಬಿಣದ ಸಾಮಾನು ಮಾರುತ್ತಿದ್ದವನು, ವ್ಯಾಪಾರ ಕೈಹಿಡಿಯಲಿಲ್ಲ. ಮಗ ಬರ್ಮಿಂಗ್‌ಹ್ಯಾಂನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾದ, ಆಮೇಲೆ ಗುಮಾಸ್ತನಾದ. 1914ರ ಯುದ್ಧ ಬರದಿದ್ದರೆ ಅಧಿಕಾರಿಯ ಪಟ್ಟಿ ಅವನ ಭುಜಕ್ಕೆ ಏರುತ್ತಿತ್ತೋ ಇಲ್ಲವೋ. ಟರ್ಕಿಯ ಗಲಿಪೊಲಿಯಲ್ಲಿ ಗುಂಡು ತಿಂದ, ಮೆಸೊಪೊಟೇಮಿಯಾದಲ್ಲಿ (ಈಗಿನ ಇರಾಕ್) ಮತ್ತೆ ಗಾಯಗೊಂಡ. ಬಳಿಕ ಭಾರತೀಯ ಸೇನೆ ಸೇರಿ ಗೂರ್ಖಾಗಳ ನಡುವೆ ವರ್ಷಗಳನ್ನು ಕಳೆದ. ಸಂಬಳ ಸಾಲದೆ ಬೇರೆ ಹೆಸರಿನಲ್ಲಿ ಪತ್ರಿಕೆಗಳಿಗೆ ಕಥೆ ಬರೆಯುತ್ತಿದ್ದ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

1942ರಲ್ಲಿ ಜಪಾನೀಯರಿಗೆ ಸೋತ ಸೈನ್ಯವನ್ನು ಬರ್ಮಾದಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹಿಂದಕ್ಕೆ ನಡೆಸಿಕೊಂಡು ಬಂದವನಿಗೆ ಮರುವರ್ಷ ಹದಿನಾಲ್ಕನೇ ಸೇನೆಯನ್ನು ವಹಿಸಿದರು. ಇಂಫಾಲ, ಕೊಹಿಮಾ, ಮೆಯ್ಕ್ತಿಲಾ ಯುದ್ಧಗಳ ವಿವರ ನಿನಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಆರೋಗ್ಯ ಇಲಾಖೆಯಲ್ಲಿ ಮಲೇರಿಯಾದ ಬೆನ್ನು ಹತ್ತಿಯೇ ನಿವೃತ್ತನಾದ ನನ್ನ ಕಣ್ಣು ನಿಂತದ್ದು ಬೇರೆ ಕಡೆ. 1943ರಲ್ಲಿ ಅವನ ಸೇನೆಯಲ್ಲಿ ಗಾಯಗೊಂಡು ಆಸ್ಪತ್ರೆಗೆ ಹೋದ ಒಬ್ಬನಿಗೆ ಪ್ರತಿಯಾಗಿ 120 ಮಂದಿ ಕಾಯಿಲೆ ಬಿದ್ದು ಹೋಗುತ್ತಿದ್ದರು! ಮಲೇರಿಯಾ ತಡೆಯುವ ಮೆಪಕ್ರಿನ್ ಮಾತ್ರೆ ಇತ್ತು, ಆದರೆ ಅದು ಗಂಡಸುತನ ಕೆಡಿಸುತ್ತದೆಂಬ ಗುಲ್ಲೆದ್ದು ಸಿಪಾಯಿಗಳು ನುಂಗುತ್ತಿರಲಿಲ್ಲ. ಇಂಥ ಗುಲ್ಲುಗಳ ಜೊತೆ ನಾನೂ ಹಳ್ಳಿಹಳ್ಳಿಗಳಲ್ಲಿ ಗುದ್ದಾಡಿದ್ದೇನೆ. ಸ್ಲಿಮ್ ಸಿಪಾಯಿಗಳನ್ನು ಬೈಯಲಿಲ್ಲ. ದಿಢೀರ್ ತಪಾಸಣೆ ಮಾಡಿಸಿದ. ನೂರಕ್ಕೆ ಕನಿಷ್ಠ 95 ಮಂದಿಯಲ್ಲಾದರೂ ಔಷಧದ ಅಂಶ ಕಾಣದಿದ್ದರೆ ಆ ತುಕಡಿಯ ಮುಖ್ಯಾಧಿಕಾರಿಯೇ ಮನೆಗೆ. ಮೂವರನ್ನು ಕಳಿಸುವಷ್ಟರಲ್ಲಿ ಉಳಿದವರಿಗೆ ಬುದ್ಧಿ ಬಂತು. ನಮ್ಮ ಇಲಾಖೆಗೂ ಅಂಥವನೊಬ್ಬ ಬೇಕಿತ್ತು, ಇರಲಿ.

ಕಾಡಿನೊಳಗೆ ಸಾಮಗ್ರಿ ಇಳಿಸಲು ಪ್ಯಾರಾಚೂಟ್ ಸಾಲದೆ ಹೋದಾಗ ಕಲ್ಕತ್ತೆಯ ಸೆಣಬಿನ ಗಿರಣಿಗಳಿಂದ ಗೋಣಿನೂಲಿನ ಪ್ಯಾರಾಚೂಟ್ ಮಾಡಿಸಿದ. ಖರ್ಚು ಮಾಮೂಲಿನದರ ಇಪ್ಪತ್ತನೇ ಒಂದು ಪಾಲು.

ರಂಗೂನ್ ಗೆದ್ದ ಮೇಲೆ, 1945ರ ಮೇ ತಿಂಗಳಲ್ಲಿ, ಮೇಲಧಿಕಾರಿ ಆಲಿವರ್ ಲೀಸ್ ಇವನನ್ನೇ ತೆಗೆಯಲು ಹೊರಟ. ಕೊನೆಗೆ ಹೋದದ್ದು ಲೀಸ್, ಆ ಜಾಗಕ್ಕೆ ಬಂದದ್ದು ಸ್ಲಿಮ್. 1948ರಲ್ಲಿ ನಿವೃತ್ತನಾಗಿ ಬ್ರಿಟಿಷ್ ರೈಲ್ವೆಯಲ್ಲಿದ್ದವನನ್ನು ಪ್ರಧಾನಿ ಅಟ್ಲಿ ಕರೆಸಿ ಬ್ರಿಟಿಷ್ ಸೇನೆಯ ಅತ್ಯುನ್ನತ ಹುದ್ದೆ ಕೊಟ್ಟರು. ಭಾರತೀಯ ಸೇನೆಯಿಂದ ಬಂದವನಿಗೆ ಆ ಹುದ್ದೆ ಸಿಕ್ಕಿದ್ದು ಅದೇ ಮೊದಲು. ಆಮೇಲೆ ಆಸ್ಟ್ರೇಲಿಯಾದ ಗವರ್ನರ್ ಜನರಲ್ ಕೂಡ ಆದ.

ಇಷ್ಟು ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಇಂಫಾಲದಲ್ಲಿ ಅವನ ಎದುರು ಜಪಾನೀಯರ ಜೊತೆ ನೇತಾಜಿಯ ಆಜಾದ್ ಹಿಂದ್ ಫೌಜ್ ಇತ್ತು. ಅವನ ಸೇನೆಯಲ್ಲಿದ್ದವರಲ್ಲೂ ಬಹುಪಾಲು ಭಾರತೀಯರೇ. ಎರಡೂ ಕಡೆ ಸತ್ತವರು ನಮ್ಮವರು. ಫೌಜಿನವರ ಬಗ್ಗೆ ಸ್ಲಿಮ್‌ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ, ಆ ವಿಷಯದಲ್ಲಿ ನಾನು ಅವನ ಪಕ್ಷದವನಲ್ಲ. ಮಾತ್ರೆಯ ವಿಷಯದಲ್ಲಿ ಮಾತ್ರ ಪೂರ್ತಿ ಅವನ ಕಡೆ.

ಬಿಡುವಾದಾಗ ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಂಗೆ ಹೋಗಿ, ಗೋಣಿಯ ಪ್ಯಾರಾಚೂಟ್ ಏನಾದರೂ ಇಟ್ಟಿದ್ದಾರೆಯೇ ಎಂದು ನೋಡಿ ಬರೆ. ಇದ್ದರೆ ಫೋಟೊ ಬೇಕು.

ನಿನ್ನ ಅಪ್ಪ