ಮೂರು ಚಕ್ರ ತಂದುಕೊಟ್ಟ ಅಣ್ಣನಿಗೆ

ಮೊನ್ನೆ ಏಳನೇ ತರಗತಿಗೆ ವೃತ್ತದ ಪರಿಧಿ ಪಾಠ ಇತ್ತು. ಅಳೆಯೋಕೆ ಅಂತ ಬಳೆ, ಡಬ್ಬಿ ಮುಚ್ಚಳ, ತಟ್ಟೆ ಎಲ್ಲ ಜೋಡಿಸಿಟ್ಟಿದ್ದ ಚೀಲವನ್ನು ಬಸ್ಸಿನಲ್ಲೇ ಬಿಟ್ಟು ಇಳಿದಿದ್ದೆ. ಮೊದಲ ಪೀರಿಯಡ್ಡೇ ನನ್ನದು. ಶಾಲೆ ಎದುರಿನ ಸೈಕಲ್ ಅಂಗಡಿಯಲ್ಲಿ ಹಳೇ ಟೈರ್ ಇದ್ರೆ ಕೊಡ್ತೀರಾ ಅಂತ ಕೇಳಿದೆ.

ಟೈರ್ ಬಗ್ಗುತ್ತೆ ಮೇಡಂ, ಅಳತೆ ಸರಿ ಬರಲ್ಲ ಅಂದರು. ಶಟರ್ ಅರ್ಧ ಎಳೆದು, ಬೇರೆ ಬೇರೆ ಸೈಜಿನ ಮೂರು ಚಕ್ರ ತಾವೇ ಹೊತ್ತು ತಂದರು. ಮಕ್ಕಳ ಯೂನಿಫಾರ್ಮಿಗೆ ಗ್ರೀಸ್ ತಾಗಬಾರದು ಅಂತ ಬಾಗಿಲಲ್ಲೇ ಕೂತು ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿದರು. ನನಗೆ ಆಗಲೇ ಅರ್ಧ ಉಸಿರು ಬಂತು.

ಮಕ್ಕಳು ದಾರ ಸುತ್ತಿ ಅಳೆದರು. ದೊಡ್ಡ ಚಕ್ರದ ಪರಿಧಿ 208 ಸೆಂಟಿಮೀಟರ್, ವ್ಯಾಸ 66. ಪರಿಧಿಯನ್ನ ವ್ಯಾಸದಿಂದ ಭಾಗಿಸಿದರೆ ಯಾವ ವೃತ್ತಕ್ಕೂ ಸುಮಾರು 3.14 ಬರಬೇಕು; ಇದಕ್ಕೆ 3.15 ಬಂತು. ಚಿಕ್ಕದಕ್ಕೆ 3.14. ಹಿಂದಿನ ಬೆಂಚಿನವರಿಗೆ ಮಾತ್ರ ಅದೇ ದೊಡ್ಡ ಚಕ್ರಕ್ಕೆ 3.41! ನಾನು ಬಾಯಿ ಬಿಡೋ ಮೊದಲೇ ಅಂಗಡಿಯ ಅಣ್ಣ, 'ಸ್ಕೇಲು ನಡುವೆ ಹೋಗಿದೆಯಾ ಪುಟ್ಟಾ? ಆಕ್ಸಲ್ ಎಲ್ಲಿದೆ ನೋಡು' ಅಂದರು. ಉತ್ತರ ಹೇಳಲಿಲ್ಲ, ಸುಮ್ನೆ ಕಾದರು. ವ್ಯಾಸ 61 ಅಂತ ಬರೆದಿದ್ದ ಹುಡುಗಿ ಮತ್ತೆ ಅಳೆದು, ತಾನೇ ಹೊಡೆದುಹಾಕಿ ತಿದ್ದಿದಳು. ವ್ಯಾಸ ಕೇಂದ್ರದ ಮೂಲಕವೇ ಹಾಯಬೇಕು ಅನ್ನೋದನ್ನ ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೀನೋ!

ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ. ಥ್ಯಾಂಕ್ಸ್ ಅಣ್ಣಾ. ಚಕ್ರಗಳು ಇನ್ನೂ ಸ್ಟಾಫ್ ರೂಮಿನಲ್ಲೇ ಇವೆ, ಸೋಮವಾರ ತಂದುಕೊಡ್ತೀನಿ.